ಇಂಟರ್‌ಫೆರಾನ್ ಇಂಜೆಕ್ಷನ್ ರಕ್ತ ಕ್ಯಾನ್ಸರ್ ಕೋಶಗಳಿಗೆ ಏನು ಮಾಡುತ್ತದೆ?

ಇಂಟರ್‌ಫೆರಾನ್ ಕೀಮೋ ಔಷಧಿಗಳ ಹಾಗೆ ಕೋಶಗಳನ್ನು ನೇರವಾಗಿ ಕೊಲ್ಲುವ ವಿಷವಲ್ಲ. ಅದು ಒಂದು ಸಂದೇಶ. ಕ್ಯಾನ್ಸರ್ ಕೋಶಕ್ಕೆ "ಬೆಳೆಯೋದು ನಿಲ್ಲಿಸು" ಅಂತ ಹೇಳುತ್ತದೆ, ಜೊತೆಗೆ ಆ ಕೋಶ ನಮ್ಮ ರೋಗನಿರೋಧಕ ಕೋಶಗಳ ಕಣ್ಣಿಗೆ ಬೀಳುವಂತೆ ಮಾಡುತ್ತದೆ.

ವೈರಸ್ ಹೊಕ್ಕಾಗ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸಲು ನಮ್ಮ ದೇಹವೇ ಇದನ್ನು ತಯಾರಿಸುತ್ತದೆ. ಅದನ್ನೇ ಇಂಜೆಕ್ಷನ್ ಮಾಡಿ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಸಿಎಂಎಲ್ ಅನ್ನುವ, ನಿಧಾನವಾಗಿ ಬೆಳೆಯುವ ರಕ್ತ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಬೀಗಕ್ಕೆ ಬೀಗದಕೈ ಕೂರುವ ಹಾಗೆ ಇಂಟರ್‌ಫೆರಾನ್ ಕೋಶದ ಹೊರಮೈಯಲ್ಲಿರುವ ರಿಸೆಪ್ಟರ್‌ಗೆ ಕೂರುತ್ತದೆ. ಆ ಸುದ್ದಿ ಸ್ಟ್ಯಾಟ್ ಎಂಬ ಪ್ರೋಟೀನ್‌ಗಳ ಮೂಲಕ ಒಳಗೆ ಡಿಎನ್‌ಎ ಇರುವಲ್ಲಿಗೆ ಹೋಗಿ ನೂರಾರು ಜೀನ್‌ಗಳು ಚಾಲೂ ಆಗುತ್ತವೆ. ಕೆಲವು ಜೀನ್‌ಗಳು ಕೋಶ ಎರಡಾಗುವುದನ್ನು ತಡೆಯುತ್ತವೆ. ಇನ್ನು ಕೆಲವು, ಕೋಶದೊಳಗಿನ ಪ್ರೋಟೀನ್ ಚೂರುಗಳು ಹೊರಮೈಯಲ್ಲಿ ಹೆಚ್ಚು ಕಾಣುವಂತೆ ಮಾಡುತ್ತವೆ, ಟಿ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಆ ಗುರುತು ಹಿಡಿದು ಬಂದು ಕೊಲ್ಲುತ್ತವೆ.

ಅದಕ್ಕೇ ಫಲ ಕಾಣಲು ತಿಂಗಳುಗಳೇ ಬೇಕು. ಜ್ವರ, ಮೈಕೈ ನೋವು ಬರುವುದೂ ಇದರಿಂದಲೇ. ಫ್ಲೂ ಬಂದಾಗ ಆಗುವ ಸುಸ್ತಿನಲ್ಲೂ ಇಂಟರ್‌ಫೆರಾನ್ ಪಾಲಿದೆ ಅಲ್ವಾ! ಕೆಲವರಿಗೆ ಮನಸ್ಸು ತುಂಬಾ ಕುಗ್ಗಿಬಿಡುತ್ತದೆ, ಅದನ್ನು ಸುಮ್ನೆ ಸಹಿಸಬೇಡಿ, ಡಾಕ್ಟರಿಗೆ ಹೇಳಲೇಬೇಕು.

2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಸಿಎಂಎಲ್‌ಗೆ ಇಂಟರ್‌ಫೆರಾನ್ ಬಳಕೆ ಬಹಳ ಕಡಿಮೆಯಾಯಿತು. ಆದರೆ ಆ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಆಗಬಹುದು, ಹಾಗಾಗಿ ಗರ್ಭಿಣಿಯರಿಗೆ ಚಿಕಿತ್ಸೆ ಬೇಕಾದಾಗ ಈಗಲೂ ಇಂಟರ್‌ಫೆರಾನ್ ಕೊಡುವುದುಂಟು.