ಕನ್ನಡದಲ್ಲೇ ಮಾತಾಡಬಹುದು ಅಕ್ಕ

ಪ್ಲಸ್ ವನ್ (ಹನ್ನೊಂದನೇ ತರಗತಿ) ಓದುವ ಮಗ ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾನೆ, ಶಾಲೆಯ ಕೌನ್ಸಿಲರ್‌ಗೆ ಮಲಯಾಳ ಮಾತ್ರ ಬರುತ್ತದೆ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಕೂತು ಯಾರನ್ನು ಕೇಳಲಿ ಅಂದಿದ್ದೀರಲ್ವಾ ಅಕ್ಕ. ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. ಭಾಷೆ ಕೇಳಿದಾಗ ಕನ್ನಡ ಆರಿಸಿ. ಮಗನೇ ಮಾಡಬೇಕೆಂದಿಲ್ಲ, ನೀವೂ ಮಾತಾಡಬಹುದು. ಅವನಿಗೆ ನಂಬರ್ ಬರೆದು ಕೊಟ್ಟು ಸುಮ್ನಿರಿ, ಬಾಗಿಲ ಹತ್ತಿರ ನಿಂತು ಕಿವಿಗೊಡಬೇಡಿ. 'ನಿನಗೇನು ಕಮ್ಮಿ ಮಾಡಿದ್ದೇವೆ' ಅನ್ನೋ ಮಾತಂತೂ ಬೇಡವೇ ಬೇಡ, ನೆಂಟರ ಮುಂದೆ ವಿಷಯ ಎತ್ತುವುದೂ ಬೇಡ (ನಮ್ಮ ಕಡೆ ಇದು ಸ್ವಲ್ಪ ಜಾಸ್ತಿ). ಊಟ, ನಿದ್ದೆ ಬಿಟ್ಟಿದ್ದರೆ ಮಂಗಳೂರಿಗೆ ಕರೆದುಕೊಂಡು ಹೋಗಿ, ಕನ್ನಡ ಬಲ್ಲ ಮನೋವೈದ್ಯರು ಸಿಗುತ್ತಾರೆ. ಸಾಯುವ ಮಾತೇನಾದರೂ ಬಂದರೆ ಅವನನ್ನು ಒಂಟಿಯಾಗಿ ಬಿಡದೆ, ಅವತ್ತೇ, ಹತ್ತಿರದ ಆಸ್ಪತ್ರೆಗೆ.