ಇಡೀ ದಿನ ಚಪ್ಪಲಿ ಇಲ್ಲದೆ ಹೊರಗೆ ಓಡಾಡಿದವರು ಇದ್ದೀರಾ? ಕಾಲಿಗೆ ಏನಾಗುತ್ತೆ?

ಓಡಾಡಿದ್ದೇನೆ, ಶ್ರವಣಬೆಳಗೊಳದಲ್ಲಿ. ಅಲ್ಲಿ ಬೆಟ್ಟ ಹತ್ತುವವರೆಲ್ಲ ಹೇಗೂ ಕೆಳಗೇ ಚಪ್ಪಲಿ ಬಿಡಬೇಕು. ಇಳಿದು ಬಂದ ಮೇಲೂ ನಾನು ಹಾಕಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ದೊಡ್ಡ ಬೆಟ್ಟ ಅಂದರೆ ವಿಂಧ್ಯಗಿರಿ, ಮಧ್ಯಾಹ್ನ ಊರೊಳಗೆ, ಇಳಿಹೊತ್ತಿಗೆ ಚಿಕ್ಕ ಬೆಟ್ಟ ಅಂದರೆ ಚಂದ್ರಗಿರಿ.

ನೀವು ಕಾಲಿನ ಬಗ್ಗೆ ಕೇಳಿದ್ದೀರಿ. ನನ್ನ ಪ್ರಕಾರ ಬರಿಗಾಲ ನಡಿಗೆಯಲ್ಲಿ ಕಾಲಿಗಿಂತ ಹೆಚ್ಚು ದುಡಿಯೋದು ಕಣ್ಣು. ಮೈಯಲ್ಲೆಲ್ಲ ದಪ್ಪ ಚರ್ಮ ಇರೋದೇ ಅಂಗೈ, ಅಂಗಾಲಿನಲ್ಲಿ. ಅದು ಸಾಕಷ್ಟು ತಡೆಯುತ್ತೆ. ಆದರೆ ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ ನೋಡುತ್ತಲೇ ಇರಬೇಕು. ಮೊಬೈಲ್ ನೋಡುತ್ತಾ ನಡೆಯೋಕೆ ಆಗೋದೇ ಇಲ್ಲ.

ವಿಂಧ್ಯಗಿರಿಯಲ್ಲಿ ಬಂಡೆಯನ್ನೇ ಕಡಿದು ಮಾಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬೆಳಿಗ್ಗೆ ಏಳರ ಹೊತ್ತಿಗೆ ಕಲ್ಲು ತಣ್ಣಗಿರುತ್ತೆ, ಪಾದ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಹತ್ತೋದು ಸುಲಭ, ಇಳಿಯೋದು ಕಷ್ಟ. ಜನ ತುಳಿದೂ ತುಳಿದೂ ಮೆಟ್ಟಿಲು ನುಣುಪಾಗಿವೆ, ಮೈಭಾರವೆಲ್ಲ ಬೆರಳಿನ ಬುಡಕ್ಕೆ ಬೀಳುತ್ತೆ. ಕಂಬಿ ಹಿಡಿದುಕೊಳ್ಳಿ, ನಾಚಿಕೆ ಬೇಡ. ಕೆಳಗೆ ಕಾಲುಚೀಲ ಮಾರುತ್ತಾರೆ. ಬಿಸಿಲಿಗೆ ಅದು ಸರಿ, ಆದರೆ ನುಣುಪು ಕಲ್ಲಿನ ಮೇಲೆ ಇಳಿಯುವಾಗ ಜಾರುತ್ತೆ. ನಾನಾದರೆ ತೊಡುವುದಿಲ್ಲ.

ನಿಜವಾದ ಪರೀಕ್ಷೆ ಮಧ್ಯಾಹ್ನ. ಗ್ರಾನೈಟ್ ಹೊತ್ತೇರಿದಂತೆ ಬಿಸಿಲು ಕುಡಿಯುತ್ತಾ ಹೋಗುತ್ತೆ, ಸೂರ್ಯ ಮೋಡದ ಹಿಂದೆ ಹೋದರೂ ಬಿಸಿ ಬೇಗ ಇಳಿಯಲ್ಲ. ಟಾರು ರಸ್ತೆ ಕಪ್ಪಗಿರೋದರಿಂದ ಇನ್ನೂ ಕೆಟ್ಟದ್ದು. ಹಲವು ದೇವಸ್ಥಾನಗಳ ಅಂಗಳದಲ್ಲಿ ಬಿಳಿ ಬಣ್ಣದ ಪಟ್ಟಿ ಬಳಿದು, ನಾರಿನ ಚಾಪೆ ಹಾಸಿರೋದು ಸುಮ್ಮನೆ ಅಲ್ಲ. ಊರೊಳಗೆ ನಾನು ನೆರಳಿಂದ ನೆರಳಿಗೆ, ಅಂಗಡಿ ಸಾಲಿನ ಅಂಚಿಗೆ ನಡೆದೆ. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ರಸ್ತೆ ಬದಿಯಲ್ಲಿ ಚೆಲ್ಲಿದ್ದ ಜಲ್ಲಿ. ಮುಳ್ಳಾದರೂ ಒಂದು ಕಡೆ ಚುಚ್ಚುತ್ತೆ, ಜಲ್ಲಿ ಇಡೀ ಪಾದ ಹಿಂಡುತ್ತೆ. ಸಾರ್ವಜನಿಕ ಶೌಚಾಲಯಕ್ಕೆ ಮಾತ್ರ ಚೀಲದಿಂದ ಚಪ್ಪಲಿ ತೆಗೆದು ಹಾಕಿಕೊಂಡೆ. ಅಲ್ಲಿ ವ್ರತ ಹಿಡಿಯೋದು ಮೂರ್ಖತನ.

ಆ ಊರಿನಲ್ಲಿ ಬರಿಗಾಲನ್ನು ಸಾಧನೆ ಅಂತ ಹೇಳಿಕೊಳ್ಳೋಕೆ ಬಾಯಿ ಬರಲ್ಲ. ದಿಗಂಬರ ಜೈನ ಮುನಿಗಳು ದೀಕ್ಷೆ ತೆಗೆದುಕೊಂಡ ಮೇಲೆ ವಾಹನ ಹತ್ತಲ್ಲ, ಪಾದರಕ್ಷೆ ಮೆಟ್ಟಲ್ಲ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಮುನಿದೀಕ್ಷೆ ಪಡೆದವರು, 2024ರಲ್ಲಿ ದೇಹ ಬಿಡುವವರೆಗೂ ಊರಿಂದೂರಿಗೆ ಅವರ ಓಡಾಟವೆಲ್ಲ ಹೀಗೆಯೇ. ಮುನಿಗಳ ನಡಿಗೆಗೊಂದು ನಿಯಮ ಇದೆ, ಈರ್ಯಾ ಸಮಿತಿ ಅಂತ: ಹಗಲು ಬೆಳಕಿನಲ್ಲೇ ನಡೆಯಬೇಕು, ನಾಲ್ಕು ಮೊಳ ಮುಂದಿನ ನೆಲ ನೋಡುತ್ತಾ ನಡೆಯಬೇಕು. ಮಳೆಗಾಲದಲ್ಲಿ ನೆಲದ ತುಂಬ ಜೀವಿಗಳಿರುವುದರಿಂದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ಅದೇ ಚಾತುರ್ಮಾಸ. ನೆಲ ನೋಡಿ ನಡೆಯೋದು ಹುಳಹುಪ್ಪಟೆ ಸಾಯಬಾರದು ಅಂತ ಮಾಡಿದ ನಿಯಮ. ನನ್ನಂಥವನ ಕಾಲು ಉಳಿಸಿದ್ದೂ ಅದೇ. ಕಾಲಬುಡ ನೋಡಿದರೆ ತಡವಾಗುತ್ತೆ, ದೂರ ನೋಡಿದರೆ ಗಾಜಿನ ಚೂರು ಕಾಣಲ್ಲ. ನಾಲ್ಕು ಮೊಳ ಸರಿಯಾದ ಅಳತೆ.

ಸಂಜೆ ಚಂದ್ರಗಿರಿಯಲ್ಲಿ ಹೀಗೆ ನೆಲ ನೋಡಿ ನಡೆದದ್ದರ ಲಾಭ ಗೊತ್ತಾಯ್ತು. ಬೆಳಗೊಳ ಮತ್ತು ಸುತ್ತಮುತ್ತ 500ಕ್ಕೂ ಹೆಚ್ಚು ಶಾಸನಗಳಿವೆ. ಚಿಕ್ಕ ಬೆಟ್ಟದಲ್ಲಿ ಎಷ್ಟೋ ಶಾಸನಗಳು ನೆಟ್ಟ ಕಲ್ಲಿನಲ್ಲಿಲ್ಲ, ನಡೆಯುವ ಬಂಡೆಯ ಮೇಲೇ ಕೊರೆದಿವೆ. ಸಲ್ಲೇಖನ, ಅಂದರೆ ಅನ್ನ ನೀರು ಕ್ರಮೇಣ ತೊರೆಯುವ ವ್ರತದಿಂದ ಪ್ರಾಣ ಬಿಟ್ಟವರ ಹೆಸರುಗಳು ಅದರಲ್ಲಿ ಬಹಳ. ತುಳಿಯದಂತೆ ಈಗ ರಕ್ಷಣೆ ಕೊಟ್ಟಿದ್ದಾರೆ. ತಲೆ ಎತ್ತಿ ಬಸದಿಗಳ ಫೋಟೊ ತೆಗೆದು ಇಳಿದುಹೋಗುವವರಿಗೆ ಇವು ಕಾಣೋದು ಕಡಿಮೆ. ನನ್ನ ಕಣ್ಣು ಬೆಳಿಗ್ಗೆಯಿಂದ ನೆಲದಲ್ಲೇ ಇತ್ತಲ್ಲ, ಒಂದೊಂದು ಅಕ್ಷರವೂ ಸಿಕ್ಕಿತು. ಓದೋಕೆ ಬರುತ್ತಾ ಅಂದರೆ, ಇಲ್ಲ, ಹಳಗನ್ನಡ ಲಿಪಿ.

ಮಾರನೇ ದಿನ ಅಂಗಾಲು ಚೆನ್ನಾಗಿಯೇ ಇತ್ತು, ನೋವೆಲ್ಲ ಮೀನಖಂಡಕ್ಕೆ. ಮೆಟ್ಟಿಲು ಹತ್ತಿ ಇಳಿಯುವಾಗ ಹೆಚ್ಚು ದುಡಿದದ್ದು ಅದೇ. ಬಿಸಿನೀರು, ಕೊಬ್ಬರಿ ಎಣ್ಣೆ, ನಿದ್ದೆ ಸಾಕು.

ಆದರೆ ಸಕ್ಕರೆ ಕಾಯಿಲೆ ಇದ್ದರೆ ಈ ಸಾಹಸ ಬೇಡವೇ ಬೇಡ. ಪಾದದ ಸ್ಪರ್ಶ ಕುಂದಿದ್ದರೆ ಸುಟ್ಟದ್ದೂ ಗೊತ್ತಾಗಲ್ಲ, ಗಾಯ ಬೇಗ ಮಾಯಲ್ಲ. ಬಯಲು ಶೌಚ ಮಾಡುವ ಒದ್ದೆ ಮಣ್ಣಿನಲ್ಲಿ ಯಾರೂ ಬರಿಗಾಲಲ್ಲಿ ಹೋಗಬೇಡಿ, ಕೊಕ್ಕೆಹುಳದ ಮರಿ ಚರ್ಮ ಕೊರೆದು ಒಳಗೆ ಹೋಗುತ್ತೆ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ.

ಡಿಸೆಂಬರ್, ಜನವರಿ ಒಳ್ಳೆ ಕಾಲ. ಏಪ್ರಿಲ್‌ನಲ್ಲೇ ಹೋಗೋದಾದರೆ ಬೆಳಿಗ್ಗೆ ಹತ್ತರೊಳಗೆ ದೊಡ್ಡ ಬೆಟ್ಟದಿಂದ ಇಳಿದುಬಿಡಿ, ನಾಲ್ಕೂವರೆವರೆಗೆ ಎಲ್ಲಾದರೂ ಊಟ ಮಾಡಿ ಮಲಗಿ.