ಡ್ರೋನ್ ಇರುವಾಗಲೂ ಅಡಗಿ ಕೂತು ಕಾಯುವುದು ಯಾಕೆ?

'ಡ್ರೋನ್, ಉಪಗ್ರಹ ಎಲ್ಲ ಇರುವಾಗ ಸೈನಿಕರು ಒಂದೇ ಕಡೆ ದಿನಗಟ್ಟಲೆ ಅಡಗಿ ಕೂತು ಶತ್ರುವಿನ ಮೇಲೆ ಕಣ್ಣಿಡುವುದು ಯಾಕೆ?' ಅಂತ ಕೇಳಿದ್ದೀರಿ. ಕಾಲಾಳು ಪಡೆಯಲ್ಲಿದ್ದಾಗ ನಾನು ಈ ಕೆಲಸ ಮಾಡಿದ್ದೇನೆ. ನಾವು ಇದನ್ನು ಓಪಿ ಅನ್ನುತ್ತಿದ್ದೆವು, ಅಬ್ಸರ್ವೇಶನ್ ಪೋಸ್ಟ್. ಕತ್ತಲಾದ ಮೇಲೆ ಕಣ್ಣಿಗಿಂತ ಕಿವಿಗೇ ಜಾಸ್ತಿ ಕೆಲಸ.

ಡ್ರೋನ್ ಬಂದು ನೋಡಿ ಹೋಗುತ್ತದೆ. ಕೂತವನು ಅಲ್ಲೇ ಇರುತ್ತಾನೆ. ಮೊದಲ ದಿನ ಏನೂ ಅರ್ಥವಾಗುವುದಿಲ್ಲ. ಎರಡು ಮೂರು ದಿನ ಕಳೆದರೆ ಆ ಜಾಗದ ದಿನಚರಿ ತಲೆಗೆ ಹತ್ತುತ್ತದೆ. ನೀರಿನ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಕಾವಲು ಯಾವಾಗ ಬದಲಾಗುತ್ತದೆ, ನಾಯಿ ಯಾರನ್ನು ಕಂಡರೆ ಬೊಗಳುವುದಿಲ್ಲ, ಎಲ್ಲ ಗೊತ್ತಾಗುತ್ತದೆ. ದಿನಕ್ಕೊಮ್ಮೆ ಬರುವ ನೀರಿನ ಗಾಡಿ ಒಂದು ದಿನ ಎರಡು ಸಲ ಬಂತು ಅಂದುಕೊಳ್ಳಿ. ದಿನಚರಿ ಗೊತ್ತಿದ್ದವನಿಗೆ ಮಾತ್ರ ಅದು ಸುದ್ದಿ, ಅಲ್ವಾ?

ಆ ಸುದ್ದಿ ಬರೆಯುವಾಗಲೇ ನಾನು ಮೊದಲು ಎಡವಿದ್ದು. ನೀರು ಹೆಚ್ಚು ಬಂತೆಂದರೆ ಜನ ಹೆಚ್ಚಾಗಿದ್ದಾರೆ ಅಂದುಕೊಂಡು 'ಹೊಸ ತುಕಡಿ ಬಂದಿದೆ' ಅಂತ ಬರೆದೆ. ನಮ್ಮ ಅಧಿಕಾರಿ ಕೇಳಿದರು, 'ತುಕಡಿ ನೋಡಿದೆಯಾ?' ಇಲ್ಲ, ನೋಡಿದ್ದು ಗಾಡಿ ಮಾತ್ರ. 'ಹಾಗಾದರೆ ಗಾಡಿ, ಹೊತ್ತು, ಬಂದ ದಿಕ್ಕು ಬರೆ' ಅಂದರು. ಊಹೆಯನ್ನು ಕಂಡದ್ದರ ಜೊತೆ ಬೆರೆಸಿದರೆ ಮುಂದೆ ಯಾರಿಗೂ ಅದನ್ನು ಬಿಡಿಸಲು ಆಗುವುದಿಲ್ಲ.

ರಾತ್ರಿ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಒಂದು ಬೆಂಕಿಕಡ್ಡಿ ಗೀರಿದರೆ ಅಷ್ಟೂ ಹಾಳು. ಮಬ್ಬಿನಲ್ಲಿ ಏನನ್ನಾದರೂ ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಒಬ್ಬನೇ ಹೆಚ್ಚು ಹೊತ್ತು ನೋಡಿದರೆ ಪೊದೆಗಳೇ ನಡೆದಂತೆ ಅನ್ನಿಸುತ್ತದೆ. ಅದಕ್ಕೇ ಆಗಾಗ ಆಳು ಬದಲಾಗಬೇಕು.

ಇಂಥ ಕಾವಲಿನ ಬೆಲೆ ಏನು ಅಂತ ಯಾರಾದರೂ ಕೇಳಿದರೆ ನಾನು ಪಾಲ್ ಮೇಸನ್ ಹೆಸರು ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಅಡಗಿದ್ದ ಆಸ್ಟ್ರೇಲಿಯಾದ ಕೋಸ್ಟ್‌ವಾಚರ್‌ಗಳಲ್ಲಿ ಅವರೂ ಒಬ್ಬರು. ಅವರಿಗೆ ಇದ್ದ ಆಜ್ಞೆ, ಕಾದಾಡಬೇಡಿ, ಸುಮ್ನೆ ಕೂತು ನೋಡಿ ತಿಳಿಸಿ ಅಂತ. 1942ರ ಆಗಸ್ಟ್ 7ರಂದು ಅಮೆರಿಕದ ಸೈನಿಕರು ಅಲ್ಲಿನ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಇಳಿಯುತ್ತಿದ್ದರು. ಅದೇ ದಿನ ಬೂಗನ್‌ವಿಲ್ ದ್ವೀಪದಲ್ಲಿದ್ದ ಮೇಸನ್ ತಲೆಯ ಮೇಲೆ ಜಪಾನಿನ ಬಾಂಬರ್ ವಿಮಾನಗಳು ಹಾದುಹೋದವು. 24 ಬಾಂಬರ್‌ಗಳು ನಿಮ್ಮತ್ತ ಬರುತ್ತಿವೆ ಅಂತ ಅವರು ರೇಡಿಯೊದಲ್ಲಿ ತಿಳಿಸಿದರು. ವಿಮಾನಗಳು ಅಲ್ಲಿ ಮುಟ್ಟಲು ಇನ್ನೂ ಸುಮಾರು ಎರಡು ಗಂಟೆ ಇತ್ತು. ಹಡಗುಗಳೂ ಯುದ್ಧವಿಮಾನಗಳೂ ಸಿದ್ಧವಾಗಿ ಕಾದವು. ಎಷ್ಟೋ ಜೀವಗಳು ಆ ಎರಡು ಗಂಟೆಯಲ್ಲಿ ಉಳಿದವು ಅಂತ ನಾನು ನಂಬಿದ್ದೇನೆ.

ಡ್ರೋನ್ ಬೇಡ ಅನ್ನುತ್ತಿಲ್ಲ. ಗುಡ್ಡದ ಆಚೆ ಏನಿದೆ ಅಂತ ನೋಡಲು ಅದೇ ಬೇಕು. ಆದರೆ ಅದು ಹಾರಿದ ಸದ್ದು ಕೇಳಿದರೆ ಕೆಳಗಿನವರು ಹುಷಾರಾಗುತ್ತಾರೆ.

ನಾವು ಜಾಗ ಬಿಡುವಾಗ ಕಸ, ಮಲವನ್ನೂ ಚೀಲದಲ್ಲಿ ಕಟ್ಟಿ ಹೊತ್ತು ತರುತ್ತಿದ್ದೆವು. ಮಲಗಿದ್ದ ಹುಲ್ಲನ್ನು ಕೈಯಿಂದ ಎತ್ತಿ ನಿಲ್ಲಿಸುತ್ತಿದ್ದೆವು. ಅಲ್ಲಿ ಯಾರೋ ಕೂತಿದ್ದರು ಅಂತ ತಿಳಿದರೆ ಮಾರನೇ ದಿನವೇ ನೀರಿನ ಗಾಡಿಯ ಹೊತ್ತು ಬದಲಾಗುತ್ತದೆ.